ಮೂರೇ ಸಿಲಿಂಡರಿನ ಗಾಡಿ

ಕಿವಿ ಮೇಸ್ತ್ರಿಗೆ ಇರುವುದು ಎರಡೇ ಕಿವಿ. ಆದರೆ ಅವುಗಳ ಬಗ್ಗೆ ಅವನು ಆಡುವ ಮಾತು ಕೇಳಿದರೆ ಒಂದು ಡಜನ್ನಾದರೂ ಇರಬೇಕು ಅನ್ನಿಸುತ್ತದೆ. ಗಾಡಿ ರಿಪೇರಿಯ ಗ್ಯಾರೇಜು ಅವನದು. ಪಕ್ಕದ ಮಳಿಗೆಯಲ್ಲಿ ಸೀಟುಗಳಿಗೆ ಕವರು ಹೊಲಿಯುವವನು ನಾನು. ನಮ್ಮಿಬ್ಬರ ನಡುವೆ ಮೂವತ್ತು ವರ್ಷದಿಂದ ಇರುವುದು ಒಂದು ತಗಡಿನ ಗೋಡೆ ಮಾತ್ರ. ಹಾಗಾಗಿ ಅವನು ತನ್ನನ್ನು ತಾನು ಹೊಗಳಿಕೊಳ್ಳುವುದನ್ನು ನಾನು ಕೇಳಿದಷ್ಟು ಅವನ ಹೆಂಡತಿಯೂ ಕೇಳಿಲ್ಲ.

ಬೇರೆ ಮೆಕ್ಯಾನಿಕ್ಕುಗಳು ಗಾಡಿ ಬಂದ ಕೂಡಲೇ ಬಾನೆಟ್ ಎತ್ತುತ್ತಾರೆ. ನಮ್ಮ ಮೇಸ್ತ್ರಿಗೆ ಅದು ನಾಚಿಕೆಗೇಡು. "ಕೆಮ್ಮು ಅಂತ ಹೋದ್ರೆ ಡಾಕ್ಟ್ರು ಮೊದಲು ಎದೆ ಕುಯ್ತಾರೇನ್ರೀ?" ಎಂದು ಕೇಳುತ್ತಾನೆ. ಅವನ ಪದ್ಧತಿಯೇ ಬೇರೆ. ಗಿರಾಕಿಯ ಕೈಗೆ ಒಂದು ಹಳೆಯ ಟೇಪ್ ರೆಕಾರ್ಡರು, ಅದರೊಳಗೆ ಒಂದು ಖಾಲಿ ಕ್ಯಾಸೆಟ್ಟು ಇಟ್ಟು ಕೊಡುತ್ತಾನೆ. ಗಿರಾಕಿ ಅದನ್ನು ಮಗುವಿನ ಹಾಗೆ ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಏರು ಹತ್ತಿ, ಒಂದು ಇಳಿಜಾರು ಇಳಿದು, ಗಾಡಿಯ ಸದ್ದನ್ನು ಹಿಡಿದು ತರಬೇಕು. ಮೊಬೈಲಿನಲ್ಲಿ ತಂದರೆ ಮುಟ್ಟುವುದಿಲ್ಲ. ಅದರಲ್ಲಿ ಸದ್ದಿನ ತುದಿ ಮಾತ್ರ ಬರುತ್ತದಂತೆ, ಬುಡ ಬರುವುದಿಲ್ಲವಂತೆ. ಆಮೇಲೆ ಅವನು ಕೇಳಿ, ಕಾರ್ಬನ್ ಹಾಳೆ ಇಟ್ಟು ರೋಗವನ್ನು ಚೀಟಿಯಲ್ಲಿ ಬರೆಯುತ್ತಾನೆ. ಒಂದು ಪ್ರತಿ ಗಿರಾಕಿಗೆ, ಇನ್ನೊಂದು ಕ್ಯಾಸೆಟ್ಟಿನ ಡಬ್ಬಿಯೊಳಗೆ. ಬಾಗಿಲ ಮೇಲಿನ ಬೋರ್ಡು ಕೂಡ ಅದನ್ನೇ ಹೇಳುತ್ತದೆ: 'ಬಿಚ್ಚದೆ, ಬರೀ ಕೇಳಿ, ರೋಗ ಹೇಳಲಾಗುವುದು.'

ಅವನು ತಪ್ಪಿದ್ದೇ ಇಲ್ಲವೇ? ಬೇಕಾದಷ್ಟು ಸಲ. ಆದರೆ ಆಗೆಲ್ಲ ಅವನ ಉತ್ತರ ಒಂದೇ: "ನನ್ನ ಕಿವಿ ಸರಿಯಾಗಿದೆ. ಗಾಡಿ ಸುಳ್ಳು ಹೇಳ್ತಿದೆ." ಮೂವತ್ತು ವರ್ಷದಲ್ಲಿ ಅವನ ಬಾಯಿಂದ 'ತಪ್ಪಾಯಿತು' ಎಂಬ ಪದ ಬಂದದ್ದಕ್ಕೆ ಸಾಕ್ಷಿಯಿಲ್ಲ.

ವಾರದ ರಜೆಯ ದಿನ ಮೇಸ್ತ್ರಿ ತನ್ನ ಅಕ್ಕನ ಮನೆಗೆ ಹೋಗಿ ಉಂಡು ಮಲಗುತ್ತಾನೆ. ಆ ದಿನ ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲಿ ನಡೆಯುವ ವಿದ್ಯಮಾನ ಇಡೀ ರಸ್ತೆಗೆ ಗೊತ್ತು, ಅವನೊಬ್ಬನಿಗೆ ಬಿಟ್ಟು. ಶೆಡ್ಡಿನ ಬೀಗದ ಕೈಯನ್ನು ಅವನ ಹೆಂಡತಿ ತನ್ನ ತಂಗಿಯ ಮಗಳಿಗೆ ಕೊಟ್ಟುಬಿಡುತ್ತಾಳೆ. "ಅವರಿಗೆ ಯಾಕೆ ಹೇಳಲಿಲ್ಲ ಅತ್ತಿಗೆ?" ಎಂದು ನಾನೊಮ್ಮೆ ಕೇಳಿದ್ದೆ. "ಹೇಳಿದ್ರೆ ಅಭಿಪ್ರಾಯ ಕೊಡ್ತಾರಲ್ಲ ಅಣ್ಣಾ, ಆ ಮಕ್ಕಳು ತಡ್ಕೋಬೇಕಲ್ಲ" ಎಂದಿದ್ದಳು.

ಆ 'ಮಕ್ಕಳು' ಮೂವರು. ತಂಗಿಯ ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಗಿಟಾರು ಬಾರಿಸುತ್ತಾ ಹಾಡುವವಳು ಅವಳೇ. ದಪ್ಪ ತಂತಿಯ ಇನ್ನೊಂದು ಗಿಟಾರು ಹಿಡಿಯುವವನು ಕೊರಿಯರ್ ಆಫೀಸಿನ ಹುಡುಗ. ಆರಡಿ ಮೀರಿದ ಅವನನ್ನು ಎಲ್ಲರೂ ಬಿದಿರು ಎನ್ನುತ್ತಾರೆ. ಡ್ರಮ್ಮಿನ ಹಿಂದೆ ಕೂರುವವಳು ಶಾಲೆಯ ಪಿ.ಟಿ. ಮೇಡಂ. ಬಾರಿಸುವಾಗಲೂ ಕೊರಳಲ್ಲಿ ಸೀಟಿ ನೇತಾಡುತ್ತಿರುತ್ತದೆ.

ಈ ಜಾತಿಯ ಹಾಡಿಗೆ ಪಂಕ್ ಎನ್ನುತ್ತಾರೆ ಎಂದು ತಂಗಿಯ ಮಗಳು ಮೊದಲ ದಿನ ಹೇಳಿದಾಗ, ಪಂಕ್ಚರ್ ಎನ್ನಲು ಹೊರಟವಳು ಅರ್ಧಕ್ಕೇ ನಿಲ್ಲಿಸಿದಳು ಎಂದುಕೊಂಡಿದ್ದೆ. ಆಮೇಲೆ ಕೇಳಿದೆ. ಒಂದೊಂದು ಹಾಡು ಎರಡೇ ನಿಮಿಷ. ಪೀಠಿಕೆ ಇಲ್ಲ, ಆಲಾಪನೆ ಇಲ್ಲ, ಬಂದವರಿಗೆ ಕೂರಿ ಎನ್ನುವುದಿಲ್ಲ. ಮೊದಲ ದಿನ ಕಿವಿ ಮುಚ್ಚಿಕೊಂಡೆ, ಎರಡನೇ ವಾರ ಒಂದು ಕಿವಿ ಬಿಟ್ಟೆ, ಮೂರನೇ ವಾರ ರಜೆಯಾದರೂ ಅಂಗಡಿಗೆ ಬಂದು ಕೂತೆ. ಅವರು ಬಾರಿಸುತ್ತಿದ್ದರೆ ನನ್ನ ಹೊಲಿಗೆ ಮಿಷನ್ನು ತಾನಾಗಿಯೇ ಜೋರಾಗಿ ಓಡುತ್ತಿತ್ತು. ಐವತ್ತೈದು ದಾಟಿದವನಿಗೆ ಮೈಯಲ್ಲಿ ಹಾಗೆ ಬಿಸಿ ಏರುವುದು ಸಣ್ಣ ಮಾತಲ್ಲ.

ಆದರೆ ಪಿ.ಟಿ. ಮೇಡಂಗೆ ದೂರದ ಊರಿಗೆ ವರ್ಗವಾಯಿತು. ಮುಂದಿನ ವಾರದ ರಜೆಯ ದಿನ ಸಂಜೆಯ ಬಸ್ಸು. ಅಷ್ಟರಲ್ಲಿ ಇನ್ನೊಂದು ಊರಿನಲ್ಲಿ ಹಾಡಿನ ಡಿಸ್ಕು ಮಾಡುವವರೊಬ್ಬರು ಇವರದೊಂದು ಹಾಡು ಸೇರಿಸುತ್ತೇನೆ, ಆ ದಿನದೊಳಗೆ ಕ್ಯಾಸೆಟ್ಟಿನಲ್ಲಿ ಕಳಿಸಿ ಎಂದಿದ್ದರು. ಅಂದರೆ ಈ ಮೂವರು ಒಟ್ಟಿಗಿದ್ದರು ಎಂಬುದಕ್ಕೆ ಜಗತ್ತಿನಲ್ಲಿ ಉಳಿಯುವುದು ಆ ಒಂದು ಹಾಡು. ಆದ್ದರಿಂದ ರೆಕಾರ್ಡ್ ಮಾಡಲು ಅವರು ನನ್ನ ಬಳಿ ಬಂದು ಮೇಸ್ತ್ರಿಯ ಟೇಪ್ ರೆಕಾರ್ಡರು ಕೇಳಿದರು.

ಅದು ನನ್ನ ಬಳಿ ಇದ್ದದ್ದಕ್ಕೆ ಕಾರಣ, ನೀರು ಸರಬರಾಜು ಕಚೇರಿಯ ಸಾಹೇಬರ ಡ್ರೈವರು. ಸಾಹೇಬರ ಜೀಪಿನಲ್ಲಿ ಏನೋ ಸದ್ದು ಬರುತ್ತಿತ್ತು. ಡ್ರೈವರು ಅದನ್ನು ಹಿಡಿದು ತರುವ ಹೊತ್ತಿಗೆ ಗ್ಯಾರೇಜು ಮುಚ್ಚಿದ್ದರಿಂದ ನನ್ನ ಕೈಗೆ ಕೊಟ್ಟು ಹೋಗಿದ್ದ. ಮರುದಿನ ವಾರದ ರಜೆ. ಮಕ್ಕಳು ಜೀಪಿನ ಕ್ಯಾಸೆಟ್ಟನ್ನು ತೆಗೆದು ನನಗೆ ಕೊಟ್ಟು, ಮೇಸ್ತ್ರಿಯದೇ ಇನ್ನೊಂದು ಖಾಲಿ ಕ್ಯಾಸೆಟ್ಟು ಹಾಕಿಕೊಂಡರು. ಸಂಜೆ ರೆಕಾರ್ಡರು ವಾಪಸ್ಸು ಕೊಡುವಾಗ ತಂಗಿಯ ಮಗಳು ಹೇಳಿದಳು, "ಮಾಮ, ನಮ್ಮ ಕ್ಯಾಸೆಟ್ ಒಳಗೇ ಇದೆ, ತೆಗ್ದಿಟ್ಟಿರಿ. ಜೀಪಿಂದು ಮರೀದೆ ಹಾಕಿಬಿಡಿ."

ಮರೆತೆ.

ಮರುದಿನ ಬೆಳಿಗ್ಗೆ ಮೇಸ್ತ್ರಿ ರೆಕಾರ್ಡರು ಒಯ್ದ. ಜೀಪಿನ ಕ್ಯಾಸೆಟ್ಟು ನನ್ನ ಮಿಷನ್ನಿನ ಡ್ರಾಯರಿನಲ್ಲಿ ದಾರದುಂಡೆಗಳ ನಡುವೆ ಸುಖನಿದ್ರೆಯಲ್ಲಿತ್ತು. ಸ್ವಲ್ಪ ಹೊತ್ತಿಗೆ ತಗಡಿನ ಗೋಡೆಯ ಆಚೆಯಿಂದ ಆ ಸದ್ದು ಕೇಳಿದಾಗಲೇ ನನ್ನ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು. ಓಡಿದೆ.

ಮೇಸ್ತ್ರಿ ಸ್ಟೂಲಿನ ಮೇಲೆ ಕೂತು, ತಲೆಯನ್ನು ರೆಕಾರ್ಡರಿಗೆ ಆನಿಸಿದ್ದ. ಶೆಡ್ಡು ಚಿಕ್ಕದು, ಸದ್ದು ದೊಡ್ಡದು, ರೆಕಾರ್ಡರು ಮುದಿಯದು. ಹಾಡಿನ ಮಾತುಗಳೆಲ್ಲ ಒಡೆದು ಚೂರಾಗಿದ್ದವು. ಒಂದೇ ಒಂದು ಕಡೆ ಪಿ.ಟಿ. ಮೇಡಂ ಶುರುಮಾಡುವಾಗ "ಒಂದು, ಎರಡು, ಮೂರು, ನಾಲ್ಕು" ಎಂದದ್ದು ಸ್ಪಷ್ಟವಾಗಿತ್ತು.

"ಈ ಡ್ರೈವರ್ ಬುದ್ಧಿವಂತ ಕಣೋ" ಎಂದ ಮೇಸ್ತ್ರಿ. "ಸಿಲಿಂಡರ್ ಎಣಿಸ್ತಿದಾನೆ."

"ದನಿ ಹೆಂಗಸಿನ ಥರ ಇದೆಯಲ್ಲೋ?" ಎಂದೆ, ನಿಜ ಹೇಳುವುದಕ್ಕೆ ಒಂದು ಮೆಟ್ಟಿಲು ಸಿಗಲಿ ಎಂದು.

"ಅಂಥ ಜೀಪ್ ಓಡಿಸಿದ್ರೆ ನಿನ್ನ ದನಿನೂ ಹಾಗೇ ಆಗುತ್ತೆ. ಸುಮ್ನಿರು. ನಾಲ್ಕು ಅಂತ ಎಣಿಸಿದಾನೆ, ಆದ್ರೆ ಓಡ್ತಿರೋದು ಮೂರೇ. ಕೇಳು, ಮೂರೇ ಮೂರು! ಅದರಲ್ಲಿ ಒಂದು ಮುಂದೆ ಮುಂದೆ ಓಡ್ತಿದೆ, ಇನ್ನೊಂದು ಕೆಳಗೆ ಗುಡುಗುಡು ಅಂತಿದೆ, ಮೇಲೆ ಫ್ಯಾನ್ ಬೆಲ್ಟು ಪ್ರಾಣ ಹೋಗೋ ಹಾಗೆ ಕಿರುಚ್ತಿದೆ."

ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಆದರೆ ಹೇಳಿದರೆ ಶೆಡ್ಡಿನ ಗುಟ್ಟು ಹೊರಬರುತ್ತದೆ, ಅತ್ತಿಗೆ ನನ್ನನ್ನು ಉಳಿಸುವುದಿಲ್ಲ. ತೆರೆದ ಬಾಯಿಯನ್ನು ಆಕಳಿಕೆಯಾಗಿ ಪರಿವರ್ತಿಸಿ ಮುಚ್ಚಿದೆ.

ಮೇಸ್ತ್ರಿ ಆ ದಿನ ಅದನ್ನು ಹನ್ನೊಂದು ಸಲ ಕೇಳಿದ. ಸಾಮಾನ್ಯವಾಗಿ ಒಂದು ಗಾಡಿಗೆ ಒಂದು ಸಲ, ಲಾರಿಯಾದರೆ ಎರಡು. ಹನ್ನೊಂದನೇ ಸಲ ಮುಗಿದಾಗ ಅವನ ಕಣ್ಣು ಒದ್ದೆಯಾಗಿತ್ತು. "ಇಷ್ಟೆಲ್ಲ ಕೆಟ್ಟಿದೆ, ಆದ್ರೂ ನಿಲ್ತಿಲ್ಲ ನೋಡೋ. ಏರು ಬಂದ್ರೆ ಇನ್ನೂ ಜೋರಾಗಿ ನುಗ್ಗುತ್ತೆ. ಯಾವ ಪುಣ್ಯಾತ್ಮ ಮಾಡಿದ ಎಂಜಿನ್ನೋ!" ಎಂದವನೇ ಕಣ್ಣೊರೆಸಿಕೊಂಡು ಚೀಟಿ ಬರೆದ. 'ನಾಲ್ಕರಲ್ಲಿ ಮೂರೇ ಓಡುತ್ತಿವೆ. ಟೈಮಿಂಗ್ ಮುಂದೆ ಹೋಗಿದೆ. ಕೆಳಗಿನ ಬೇರಿಂಗ್ ಸಡಿಲ. ಬೆಲ್ಟ್ ಹರಿಯುವ ಸ್ಥಿತಿ. ಸೈಲೆನ್ಸರ್ ಇಲ್ಲವೇ ಇಲ್ಲ. ಬ್ರೇಕ್ ಇರುವ ಲಕ್ಷಣ ಕಾಣದು. ಪೂರ್ತಿ ಬಿಚ್ಚಿ ಕಟ್ಟಬೇಕು. ಅಲ್ಲಿಯವರೆಗೆ ಯಾರೂ ಹತ್ತಿರ ಹೋಗಬಾರದು.'

ಆ ಚೀಟಿ ನೀರು ಸರಬರಾಜು ಕಚೇರಿ ತಲುಪಿದ್ದೇ ತಡ, ಅಲ್ಲಿ ಎಲ್ಲರೂ ಕೆಲಸ ನಿಲ್ಲಿಸಿದರು. ಮೊದಲೇನೂ ಭರದಿಂದ ನಡೆಯುತ್ತಿರಲಿಲ್ಲ ಎನ್ನಿ. ಬ್ರೇಕಿಲ್ಲದ ಜೀಪಿನಲ್ಲಿ ಇಷ್ಟು ದಿನ ಓಡಾಡಿದೆನಲ್ಲ ಎಂದು ಸಾಹೇಬರು ಕುರ್ಚಿಗೆ ಕುಸಿದರು. ಹೆಡ್ ಕ್ಲಾರ್ಕು ಜೀಪಿನ ಸುತ್ತ ಹಗ್ಗ ಕಟ್ಟಿಸಿದ. "ಬೆಳಿಗ್ಗೆ ತಾನೇ ಬ್ರೇಕ್ ಹಾಕಿದೀನಿ ಸಾರ್" ಎಂದು ಡ್ರೈವರು ಎಷ್ಟು ಹೇಳಿದರೂ, ಚೀಟಿಯಲ್ಲಿ ಬರೆದದ್ದರ ಮುಂದೆ ಬಾಯಿಮಾತು ನಡೆಯುತ್ತದೆಯೇ? ಎಂಟು ಜನ ಉದ್ದನೆಯ ಹಗ್ಗ ಹಿಡಿದು, ಆನೆ ಹಿಡಿದು ತರುವವರ ಹಾಗೆ, ಏನೂ ಆಗಿಲ್ಲದ ಆ ಜೀಪನ್ನು ಗ್ಯಾರೇಜಿಗೆ ಎಳೆದು ತಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ.

ಇತ್ತ ಸಂಜೆ ತಂಗಿಯ ಮಗಳು ಬಂದು, ಮೇಸ್ತ್ರಿಯ ಕಣ್ಣು ತಪ್ಪಿಸಿ ನಾನು ಎತ್ತಿ ತಂದಿಟ್ಟಿದ್ದ ತನ್ನ ಕ್ಯಾಸೆಟ್ಟನ್ನು ಡಬ್ಬಿ ಸಮೇತ ಒಯ್ದಳು. ಅರ್ಧ ಗಂಟೆಯಲ್ಲಿ ಮೂವರೂ ನನ್ನ ಅಂಗಡಿಗೆ ನುಗ್ಗಿದರು. ಡಬ್ಬಿಯೊಳಗಿನ ಕಾರ್ಬನ್ ಪ್ರತಿ ಅವಳ ಕೈಯಲ್ಲಿತ್ತು.

"ಮಾಮ, ದೊಡ್ಡಪ್ಪ ನಮ್ಮನ್ನ ಕೇಳಿದಾರೆ!"

"ಟೈಮಿಂಗ್ ಮುಂದೆ ಹೋಗಿದೆ. ಇದು ನಾನು" ಎಂದಳು ಪಿ.ಟಿ. ಮೇಡಂ. "ಎಂಟು ವರ್ಷದಿಂದ ಓಡ್ತಿದೀನಿ, ಯಾರೂ ಹಿಡಿದಿರಲಿಲ್ಲ."

"ಕೆಳಗಿನ ಬೇರಿಂಗ್ ನಾನೇ" ಎಂದು ಬಿದಿರು ತಲೆ ತಗ್ಗಿಸಿದ. ತಗ್ಗಿಸಿದ ಮೇಲೂ ನನಗಿಂತ ಎತ್ತರವೇ ಇದ್ದ.

"ಮೂರೇ ಓಡ್ತಿವೆ ಅಂತ ಬರೆದಿದಾರೆ. ನಾಲ್ಕನೆಯವನು ಬೇಕು ಅಂತ ನಾವೇ ಎಷ್ಟು ಸಲ ಅಂದ್ಕೊಂಡಿಲ್ಲ?" ಎಂದಳು ತಂಗಿಯ ಮಗಳು. "ಮಾಮ, ಇಷ್ಟು ದಿನ ನಮ್ಮನ್ನ ಕೇಳಿದವರೆಲ್ಲ ಹೇಳಿದ್ದು ಒಂದೇ, ನಿಲ್ಸಿ ಅಂತ. ಇಷ್ಟು ಗಮನ ಇಟ್ಟು ಯಾರೂ ಕೇಳಿಲ್ಲ. ಈಗಲೇ ಹೋಗಿ ದೊಡ್ಡಪ್ಪಂಗೆ ಥ್ಯಾಂಕ್ಸ್ ಹೇಳ್ಬೇಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. "ಈಗ ಬೇಡಮ್ಮ" ಎಂದೆ ಗಾಬರಿಯಲ್ಲಿ. "ಮೊದಲು ಎಲ್ಲ ಸರಿ ಮಾಡ್ಕೊಂಡು, ಹೊಸದಾಗಿ ರೆಕಾರ್ಡ್ ಮಾಡಿ, ಆಮೇಲೆ ಕೇಳಿಸಿ. ಅದೇ ಮರ್ಯಾದೆ."

ಹೀಗೆ ಒಂದು ಸುಳ್ಳನ್ನೂ ಹೇಳದೆ ನಾನು ಎರಡು ಅನಾಹುತ ಮಾಡಿದೆ. ಆ ವಾರವಿಡೀ ಮೂವರೂ ಶಾಲೆಯ ಆಟದ ಸಾಮಾನಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ತಮ್ಮನ್ನು ತಾವು ರಿಪೇರಿ ಮಾಡಿಕೊಂಡರು. ಗೋಡೆ ಗಡಿಯಾರದ ಟಿಕ್ ಟಿಕ್ಕಿಗೆ ಸರಿಯಾಗಿ ಬಾರಿಸಿದರು. ಬಿದಿರು ತಂತಿಗಳನ್ನು ಬಿಗಿ ಮಾಡಿದ. ತಂಗಿಯ ಮಗಳು ಬಿಸಿನೀರು ಕುಡಿದು ಕುಡಿದು ಗಂಟಲನ್ನು ಪಳಗಿಸಿದಳು. ಕೊನೆಗೆ ಯಾರದೋ ರೆಕಾರ್ಡರು ಎರವಲು ತಂದು ಹಾಡನ್ನು ಹೊಸದಾಗಿ ಹಿಡಿದರು.

ಗ್ಯಾರೇಜಿನಲ್ಲಿ ಜೀಪು ನಟ್ಟು ಬೋಲ್ಟುಗಳಾಗಿ ನೆಲದ ತುಂಬ ಹರಡಿಕೊಂಡಿತು. ನಾಲ್ಕೂ ಸಿಲಿಂಡರು ಮದುಮಕ್ಕಳ ಹಾಗೆ ಮಿಂಚುತ್ತಿದ್ದವು. ಬೇರಿಂಗ್ ಗಟ್ಟಿ, ಬೆಲ್ಟ್ ಹೊಸದು. ಮೇಸ್ತ್ರಿ ಒಂದೊಂದನ್ನೂ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. "ಅದು ಇದಲ್ಲ ಕಣೋ" ಎಂದು ನನ್ನ ಬಳಿ ಪಿಸುಗುಟ್ಟಿದ. "ನಾನು ಕೇಳಿದ ಎಂಜಿನ್ ಇದಲ್ಲ. ಅದು ಸಿಂಹ. ಇದು ಗುಮಾಸ್ತ." ಅವನು ಊಟ ಬಿಟ್ಟ. ಕೂತಲ್ಲಿ ನಿಂತಲ್ಲಿ ಬೆರಳಿನಿಂದ ಅದೇ ತಾಳ ಬಡಿಯತೊಡಗಿದ. "ನಿಮ್ಮ ಸ್ನೇಹಿತರಿಗೆ ಏನೋ ಹಿಡ್ಕೊಂಡಿದೆ ಅಣ್ಣಾ, ತಟ್ಟೆ ಮೇಲೂ ಬಡೀತಾರೆ" ಎಂದು ಅತ್ತಿಗೆ ಕಣ್ಣೀರು ಹಾಕಿದಳು.

ಜೀಪಿನ ಸೀಟು ಹೊಲಿಯಲು ನನ್ನ ಬಳಿ ಬಂದಾಗ ಅಸಲು ರೋಗ ಸಿಕ್ಕಿತು. ಸೀಟಿನ ಸ್ಪ್ರಿಂಗುಗಳ ನಡುವೆ ಒಂದು ಸ್ಟೀಲ್ ನೀರಿನ ಬಾಟಲಿ ಸಿಕ್ಕಿಕೊಂಡು ಗಡಗಡ ಎನ್ನುತ್ತಿತ್ತು. ಸಾಹೇಬರದೇ ಬಾಟಲಿ. ಅದನ್ನು ಕದ್ದನೆಂದು ಅವರು ಜವಾನನಿಗೆ ಮೆಮೊ ಕೊಟ್ಟು ನಾಲ್ಕು ತಿಂಗಳಾಗಿತ್ತು. ಗುಡ್ಡ ಅಗೆದು ಇಲಿ ಹಿಡಿದಂತಾಯಿತು.

ಸಾಹೇಬರು ಕೆಂಡವಾದರು. ಇಡೀ ಕಚೇರಿ ನಗುತ್ತಿತ್ತು, ಜವಾನ ಎಲ್ಲರಿಗಿಂತ ಜೋರಾಗಿ. "'ನನ್ನ ಕಿವಿ ತಪ್ಪಿತು' ಅಂತ ನೀವು ನಾಲ್ಕು ಜನರ ಮುಂದೆ ಒಪ್ಕೋಬೇಕು. ಆ ಬೋರ್ಡ್ ಕೆಳಗಿಳಿಸ್ಬೇಕು. ರಜೆ ದಿನ ಮಧ್ಯಾಹ್ನ ಬರ್ತೀನಿ" ಎಂದರು.

"ಸಾಹೇಬ್ರೇ, ಗಾಡಿ ಸುಳ್ಳು ಹೇಳ್ತಿದೆ" ಎಂದ ಮೇಸ್ತ್ರಿ.

"ಗಾಡಿ ಬಿಚ್ಚಿ ಬಿದ್ದಿದೆ ಕಣ್ರೀ! ಇನ್ನೇನು ಸುಳ್ಳು ಹೇಳುತ್ತೆ?"

"ಕ್ಯಾಸೆಟ್ ಸಿಗಲಿ, ತೋರಿಸ್ತೀನಿ." ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ. ಆದರೆ ಅವರು ಹೋದ ಮೇಲೆ ಅವನು ಬೋರ್ಡಿನ ಕೆಳಗೆ ನಿಂತು ಬಹಳ ಹೊತ್ತು ಮೇಲೆ ನೋಡಿದ. ನನಗೆ ಅಳು ಬಂತು.

ರಜೆಯ ದಿನ ಮಧ್ಯಾಹ್ನ ಸಾಹೇಬರು ಬಂದರು. ಸಾಕ್ಷಿಗೆ ಹೆಡ್ ಕ್ಲಾರ್ಕು, ಡ್ರೈವರು. ಕೂರಲು ಜಾಗವಿಲ್ಲದೆ ಸಾಹೇಬರು ಬಿಚ್ಚಿಟ್ಟ ತಮ್ಮ ಜೀಪಿನ ಸೀಟಿನ ಮೇಲೆಯೇ ನೆಲದಲ್ಲಿ ಕೂತರು. ರಸ್ತೆಯ ಅರ್ಧ ಜನ ಬಾಗಿಲಲ್ಲಿ. ಮೇಸ್ತ್ರಿ ಕೈಕಟ್ಟಿ ನಿಂತಿದ್ದ. ಇನ್ನು ತಡೆಯಲಾರೆ ಎಂದು ನಾನು ಗಂಟಲು ಸರಿಮಾಡಿಕೊಳ್ಳುತ್ತಿರುವಾಗಲೇ ಜನರ ನಡುವೆ ದಾರಿ ಮಾಡಿಕೊಂಡು ಮೂವರೂ ಒಳಗೆ ಬಂದರು. ಪಿ.ಟಿ. ಮೇಡಂ ಬೆನ್ನಿಗೆ ಊರಿಗೆ ಹೊರಟ ಬ್ಯಾಗು. ತಂಗಿಯ ಮಗಳ ಕೈಯಲ್ಲಿ ಎರಡು ಕ್ಯಾಸೆಟ್ಟು.

"ದೊಡ್ಡಪ್ಪ, ಮೊದಲು ಹಳೇದು ಕೇಳಿ, ಆಮೇಲೆ ಹೊಸದು. ನೀವು ಹೂಂ ಅಂದ್ರೆ ಕಳಿಸ್ತೀವಿ" ಎಂದು ಅವಳೇ ರೆಕಾರ್ಡರಿಗೆ ಒಂದನ್ನು ಹಾಕಿ ಒತ್ತಿದಳು.

ಒಂದು, ಎರಡು, ಮೂರು, ನಾಲ್ಕು.

"ಇದೇ!" ಮೇಸ್ತ್ರಿ ಸ್ಟೂಲಿನ ಮೇಲೆ ಹತ್ತಿದ. "ಸಾಹೇಬ್ರೇ, ಇದೇ ನಿಮ್ಮ ಜೀಪು! ಕೇಳಿ! ಮೂರೇ ಮೂರು!"

ಡ್ರೈವರು ಬಾಯಿ ಬಿಟ್ಟ. "ನಮ್ಮ ಜೀಪಿಗೆ ಇಷ್ಟು ಧೈರ್ಯ ಎಲ್ಲಿಂದ ಬರ್ಬೇಕು ಮೇಸ್ತ್ರಿ?"

"ದೊಡ್ಡಪ್ಪ" ಎಂದಳು ತಂಗಿಯ ಮಗಳು ಮೆಲ್ಲಗೆ. "ಅದು ನಾವು."

ಆಗ ನಾನು ಡ್ರಾಯರಿನ ಕ್ಯಾಸೆಟ್ಟು ತಂದು ಮುಂದಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ. ಬಾಗಿಲ ಜನರ ನಡುವೆ ನಿಂತಿದ್ದ ಅತ್ತಿಗೆ ಮುಂದೆ ಬಂದು ಬೀಗದ ಕೈಯ ಸಂಗತಿಯನ್ನು ಒಪ್ಪಿಕೊಂಡಳು. ಮೇಸ್ತ್ರಿ ಒಬ್ಬೊಬ್ಬರ ಮುಖವನ್ನೂ ನೋಡಿದ. ನಾನು ಪೆಟ್ಟಿಗೆ ಸಿದ್ಧನಾದೆ. ಆದರೆ ಅವನ ಮುಖ ನಿಧಾನವಾಗಿ ಅರಳಿತು.

"ಅಂದ್ರೆ ಮೂವರೇ ಇದ್ರಿ?"

"ಮೂವರೇ."

"ಟೈಮಿಂಗ್ ಮುಂದಿತ್ತು?"

"ನಾನೇ ಸಾರ್" ಎಂದಳು ಪಿ.ಟಿ. ಮೇಡಂ.

"ಬೇರಿಂಗ್ ಸಡಿಲ?" ಬಿದಿರು ಕೈಯೆತ್ತಿದ. ಮೇಸ್ತ್ರಿ ಸಾಹೇಬರ ಕಡೆ ತಿರುಗಿ ಎದೆ ಉಬ್ಬಿಸಿದ. "ಕೇಳಿದ್ರಾ? ಬೇರೆ ಕ್ಯಾಸೆಟ್ ಕೊಟ್ಟವನು ಈ ಹೊಲಿಗೆಯವನು. ನನ್ನ ಕಿವಿ ಒಂದು ಕೂದಲೆಳೆಯೂ ತಪ್ಪಿಲ್ಲ!"

ಸಾಹೇಬರು ಹೆಡ್ ಕ್ಲಾರ್ಕಿನ ಮುಖ ನೋಡಿದರು. ಹೆಡ್ ಕ್ಲಾರ್ಕು ತಲೆ ಆಡಿಸಿದ. ಒಪ್ಪದೆ ಬೇರೆ ದಾರಿಯೇ ಇರಲಿಲ್ಲ. ಬೋರ್ಡು ಉಳಿಯಿತು, ಮರ್ಯಾದೆ ಉಳಿಯಿತು, ಕಥೆ ಅಲ್ಲಿಗೇ ಮುಗಿದಿದ್ದರೆ ನನ್ನ ಸ್ನೇಹಿತ ಜಗತ್ತಿನಲ್ಲೇ ಅತಿ ಸುಖಿ.

"ಈಗ ಹೊಸದು ದೊಡ್ಡಪ್ಪ" ಎಂದಳು ತಂಗಿಯ ಮಗಳು. "ನೀವು ಬರೆದದ್ದನ್ನೆಲ್ಲ ಸರಿ ಮಾಡಿದೀವಿ."

ಎರಡನೇ ಕ್ಯಾಸೆಟ್ಟು ಓಡಿತು. ಅದೇ ಹಾಡು. ಗಡಿಯಾರದಷ್ಟು ಸರಿಯಾದ ತಾಳ. ತಂತಿಗಳು ಗುಡುಗಲಿಲ್ಲ. ಈಗ ಮಾತೂ ಸ್ಪಷ್ಟವಾಗಿ ಕೇಳುತ್ತಿತ್ತು: ದಿನವಿಡೀ ಊರಿಗೆಲ್ಲ ಕನ್ನಡಕ ಹಾಕಿ ಕಳಿಸುತ್ತೇನೆ, ಒಬ್ಬರಿಗೂ ನಾನು ಕಾಣುವುದಿಲ್ಲ. ಅವಳು ಅದನ್ನು ಅಂಗಡಿಯಲ್ಲಿ ಗಿರಾಕಿಗೆ ಹೇಳುವಷ್ಟೇ ವಿನಯದಿಂದ ಹಾಡಿದ್ದಳು. ಹೆಡ್ ಕ್ಲಾರ್ಕು "ಚೆನ್ನಾಗಿದೆ" ಎಂದು ಕೈಗಡಿಯಾರ ನೋಡಿಕೊಂಡ.

ಮೇಸ್ತ್ರಿ ಸ್ಟೂಲಿನಿಂದ ಇಳಿದ. ಹಾಡು ಮುಗಿದ ಮೇಲೆ ರೆಕಾರ್ಡರನ್ನು ಎತ್ತಿ ಅಲ್ಲಾಡಿಸಿ ನೋಡಿದ.

"ಗಾಡಿ ಎಲ್ಲಿ?" ಎಂದ.

"ಸರಿ ಆಗಿಲ್ವಾ ದೊಡ್ಡಪ್ಪ?"

"ಸರಿಯಾಗಿದೆಯಮ್ಮ. ಎಲ್ಲ ಸರಿಯಾಗಿದೆ. ಆದ್ರೆ ನಿಂತಿದೆ. ಹಳೇದನ್ನ ಕಳಿಸಿ."

"ಹಳೇದು ನಿಮ್ಮ ಕ್ಯಾಸೆಟ್ಟು, ಅಳಿಸಿ ವಾಪಸ್ ಕೊಡೋಣ ಅಂತಿದ್ವಿ" ಎಂದಳು ಅವಳು. "ಸುಮ್ನೆ ನಮ್ಮ ಮನಸ್ಸು ನೋಯಬಾರದು ಅಂತ ಹೇಳ್ಬೇಡಿ ದೊಡ್ಡಪ್ಪ. ಅದರಲ್ಲಿ ಎಷ್ಟು ತಪ್ಪು ಅಂತ ನೀವೇ ಬರೆದಿದೀರಿ. ನಿಮ್ಮ ಕಿವಿ ತಪ್ಪಲ್ಲ ಅಂತ ಈಗ ತಾನೇ ಸಾಹೇಬ್ರೂ ಒಪ್ಪಿದ್ರಲ್ಲ." ಕಾರ್ಬನ್ ಪ್ರತಿಯನ್ನು ಅವಳು ನಾಲ್ಕು ಮಡಿಕೆ ಮಾಡಿ ಜೋಪಾನವಾಗಿ ಇಟ್ಟುಕೊಂಡಿದ್ದಳು. ಅದನ್ನು ತೆಗೆದು ಅವನ ಮುಂದೆ ಹಿಡಿದಳು.

ಮೇಸ್ತ್ರಿ ಚೀಟಿ ನೋಡಿದ, ಸಾಹೇಬರನ್ನು ನೋಡಿದ, ಬಾಗಿಲಲ್ಲಿ ನೆರೆದ ರಸ್ತೆಯನ್ನು ನೋಡಿದ. ಅವನ ಕಿವಿಗಳೆರಡೂ ಕೆಂಪಾದವು.

"ತಪ್ಪಾಯ್ತು" ಎಂದ.

"ಏನಂದ್ರಿ?" ಎಂದು ಸಾಹೇಬರು ಸೀಟಿನಿಂದ ಅರ್ಧ ಎದ್ದರು.

"ನನ್ನ ಕಿವಿ ತಪ್ಪು ಕೇಳ್ತು, ಸಾಹೇಬ್ರೇ. ಆ ಚೀಟೀಲಿ ಬರೆದದ್ದು ಯಾವುದೂ ರೋಗ ಅಲ್ಲ. ಈ ಹುಡುಗಿ ಓಡ್ತಿದ್ದದ್ದಕ್ಕೇ ಗಾಡಿ ಏರು ಹತ್ತಿದ್ದು. ಇವನು ಗುಡುಗಿದ್ದಕ್ಕೇ ನೆಲ ನಡುಗಿದ್ದು. ನಮ್ಮ ಮಗು ಕಿರುಚಿದ್ದಕ್ಕೇ ನಾನು ಹನ್ನೊಂದು ಸಲ ಕೇಳಿದ್ದು. ಮೂವತ್ತು ವರ್ಷ ಸದ್ದು ಕೇಳಿದ ಕೂಡ್ಲೇ ಸ್ಪ್ಯಾನರ್ ಹುಡುಕಿದೀನಿ. ಸುಮ್ನೆ ಕೂತು ಕೇಳೋ ಸದ್ದೂ ಇರುತ್ತೆ ಅಂತ ಗೊತ್ತಾಗ್ಲಿಲ್ಲ. ಬೋರ್ಡ್ ಬೇಕಾದ್ರೆ ನೀವೇ ಇಳಿಸಿ."

ಎಂದವನೇ ಚೀಟಿಯನ್ನು ಹರಿದ. ಹಳೆಯ ಕ್ಯಾಸೆಟ್ಟನ್ನು ಎತ್ತಿಕೊಂಡು, ಸ್ಕ್ರೂಡ್ರೈವರಿನಿಂದ ಅದರ ಬೆನ್ನಿನ ಎರಡು ಪ್ಲಾಸ್ಟಿಕ್ ತುಂಡುಗಳನ್ನು ಚಟ್ ಚಟ್ ಎಂದು ಮುರಿದ. ಅವನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಇನ್ನೊಮ್ಮೆ ರೆಕಾರ್ಡ್ ಮಾಡಲು ಬರುವುದಿಲ್ಲ. ಕೊಟ್ಟ ಕ್ಯಾಸೆಟ್ಟನ್ನೇ ಅಳಿಸಿ ಅಳಿಸಿ ಬಳಸುವ ಅವನು ಹಾಗೆ ಮಾಡಿದ್ದನ್ನು ನಾನು ಕಂಡೇ ಇರಲಿಲ್ಲ. ಬಿದಿರು ಅದನ್ನು ಕೊರಿಯರ್ ಲಕೋಟೆಗೆ ಹಾಕಿ ಅಂಟಿಸಿದ.

ಎಲ್ಲರೂ ಸಾಹೇಬರ ಕಡೆ ತಿರುಗಿದರು. ವಾರದಿಂದ ಕಾದ ಮಾತು ಸಿಕ್ಕಿತ್ತು, ಆದರೆ ಅದನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಬಾಟಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗಂಟಲು ಸರಿಮಾಡಿಕೊಂಡರು.

"ಬಸ್ಸಿಗೆ ಇನ್ನೆಷ್ಟು ಹೊತ್ತಿದೆಯಮ್ಮ?" ಎಂದು ಪಿ.ಟಿ. ಮೇಡಂನ ಕೇಳಿದರು.

"ಒಂದು ಗಂಟೆ ಸಾರ್."

"ಹಾಗಾದ್ರೆ ಎದುರಿಗೇ ಒಂದ್ಸಲ ಆಗಲಿ. ಮೊದಲಿನ ಥರ."

ಶಾಲೆಯ ಕೋಣೆಯಿಂದ ಡ್ರಮ್ಮು, ಗಿಟಾರುಗಳನ್ನು ತಂದು ಜೀಪಿನ ಬಿಡಿಭಾಗಗಳ ನಡುವೆ ಜಾಗ ಮಾಡಿ ಇಟ್ಟರು. ಪಿ.ಟಿ. ಮೇಡಂ ನಾಲ್ಕರವರೆಗೆ ಎಣಿಸಿದಳು, ಮೂವರೂ ಒಟ್ಟಿಗೆ ನುಗ್ಗಿದರು. ತಗಡಿನ ಗೋಡೆ ನಡುಗಿತು, ನೆಲದ ಮೇಲಿನ ನಟ್ಟು ಬೋಲ್ಟುಗಳು ಕುಣಿದವು. ಹೆಡ್ ಕ್ಲಾರ್ಕು ಕೈಗಡಿಯಾರ ಮರೆತ. ಒಬ್ಬರಿಗೂ ನಾನು ಕಾಣುವುದಿಲ್ಲ ಎಂದು ಅವಳು ಕಿರುಚಿದಾಗ ಇಡೀ ರಸ್ತೆ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿತ್ತು. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು, ನಾನು ರೆಕ್ಸಿನ್ ತುಂಡಿನಿಂದ.

ಎರಡು ನಿಮಿಷಕ್ಕೆ ಮುಗಿಯಿತು. ಮೂವರೂ ಏದುಸಿರು ಬಿಡುತ್ತಾ ಮೇಸ್ತ್ರಿಯ ಕಡೆ ನೋಡಿದರು. ಅಭ್ಯಾಸಬಲ, ತೀರ್ಪಿಗಾಗಿ ರಸ್ತೆಯೂ ಅವನ ಕಡೆಗೇ ತಿರುಗಿತು.

ಮೇಸ್ತ್ರಿಗೆ ಕೋಪ ಬಂದಿತ್ತು.

"ನಿಲ್ಸಿದ್ದು ಯಾಕೆ?" ಎಂದ.